13, 6 ಮತ್ತು ಎರಡೂವರೆ ವರ್ಷದ ಮಕ್ಕಳೊಂದಿಗೆ ಮೊದಲ ಥೀಮ್ ಪಾರ್ಕ್ ಪ್ರವಾಸ: ಯೋಜನೆ ಹೇಗಿರಬೇಕು?

ಪ್ರಶ್ನೆ ಕೇಳಿದ ತಂದೆ

ಎಲ್ಲರಿಗೂ ನಮಸ್ಕಾರ. ನಮಗೆ ಮೂವರು ಮಕ್ಕಳು. ಹಿರಿಯಳಿಗೆ 13 ವರ್ಷ, ನಡುವಿನವನಿಗೆ 6, ಕಿರಿಯಳಿಗೆ ಎರಡೂವರೆ. ಮುಂದಿನ ದೊಡ್ಡ ರಜೆಯಲ್ಲಿ ಮೊದಲ ಬಾರಿಗೆ ಒಂದು ದೊಡ್ಡ ಥೀಮ್ ಪಾರ್ಕಿಗೆ ಹೋಗಬೇಕೆಂದು ನಾನೂ ನನ್ನ ಪತ್ನಿಯೂ ನಿರ್ಧರಿಸಿದ್ದೇವೆ. ನನ್ನ ತಾಯಿಯೂ ಜೊತೆಗೆ ಬರುತ್ತಾರೆ. ಯಾವ ಪಾರ್ಕ್ ಎಂಬುದು ಇನ್ನೂ ತೀರ್ಮಾನವಾಗಿಲ್ಲ.

ಹಿರಿಯಳಿಗೆ ಎತ್ತರದ, ವೇಗದ ರೋಲರ್ ಕೋಸ್ಟರ್‌ಗಳೇ ಬೇಕು. ನಡುವಿನವನಿಗೆ ಯಾವುದಕ್ಕೂ ಹೆದರಿಕೆಯಿಲ್ಲ, ಆದರೆ ಕತ್ತಲೆಯಾದರೆ ತಾಯಿಯ ಕೈ ಬಿಡುವುದಿಲ್ಲ. ಕಿರಿಯಳು ಮಧ್ಯಾಹ್ನ ಎರಡು ಗಂಟೆ ನಿದ್ದೆ ಮಾಡದಿದ್ದರೆ ಸಂಜೆ ಮನೆಯಲ್ಲಿ ಯಾರಿಗೂ ನೆಮ್ಮದಿಯಿರುವುದಿಲ್ಲ. ಬೆಳಗ್ಗೆ ಬಾಗಿಲು ತೆರೆದಾಗಿನಿಂದ ರಾತ್ರಿಯ ಪಟಾಕಿ ಪ್ರದರ್ಶನದವರೆಗೆ ಆರೂ ಜನ ಒಟ್ಟಿಗೇ ಇರಬೇಕು, ಎಲ್ಲರಿಗೂ ಹೊಂದುವ ಆಟಗಳನ್ನು ಮೊದಲು ಮುಗಿಸಬೇಕು, ದೊಡ್ಡ ಆಟಗಳ ಸರದಿ ಬಂದಾಗ ಹಿರಿಯಳು ತಮ್ಮನನ್ನು ಕರೆದುಕೊಂಡು ಹೋಗಬೇಕು, ಇದು ನಾನು ಹಾಕಿಕೊಂಡಿರುವ ಲೆಕ್ಕ. ಅನುಭವ ಇರುವವರು ಇದರಲ್ಲಿ ತಪ್ಪಿದ್ದರೆ ದಯವಿಟ್ಟು ತಿಳಿಸಬೇಕು.

ಮೂರು ಬಾರಿ ಹೋಗಿ ಬಂದ ತಾಯಿ

ನಿಮ್ಮ ಲೆಕ್ಕವನ್ನು ಓದಿದಾಗ ನಮ್ಮ ಮೊದಲ ಪ್ರವಾಸ ಕಣ್ಣಮುಂದೆ ಬಂತು. ನಾವೂ ಹೀಗೆಯೇ, ಒಬ್ಬರನ್ನೊಬ್ಬರು ಒಂದು ನಿಮಿಷವೂ ಬಿಟ್ಟಿರಬಾರದು ಎಂದುಕೊಂಡು ಹೊರಟಿದ್ದೆವು. ದೊಡ್ಡವನು ಚಿಕ್ಕವಳ ಆಟ ಮುಗಿಯುವುದನ್ನು ಕಾಯುತ್ತ ನಿಂತ, ಚಿಕ್ಕವಳು ದೊಡ್ಡವನ ಸಾಲಿನ ಹೊರಗೆ ಬಿಸಿಲಲ್ಲಿ ಅಳುತ್ತ ಕುಳಿತಳು. ಮಧ್ಯಾಹ್ನ ಎರಡರ ಹೊತ್ತಿಗೆ ಇಬ್ಬರಿಗೂ ಆ ದಿನ ಸಾಕಾಗಿ ಹೋಗಿತ್ತು.

ಎರಡನೆಯ ಬಾರಿ ಒಂದೇ ಒಂದು ಬದಲಾವಣೆ ಮಾಡಿದೆವು. ಒಟ್ಟಿಗೆ ಇರುವ ಗಂಟೆಗಳು ಯಾವುವು, ಬೇರೆಯಾಗುವ ಗಂಟೆಗಳು ಯಾವುವು ಎಂದು ಮೊದಲೇ ಬರೆದಿಟ್ಟುಕೊಂಡೆವು. ಬೆಳಗಿನ ಮೊದಲ ಎರಡು ಗಂಟೆ ನಾನು ದೊಡ್ಡವನ ಜೊತೆ, ಅವರ ತಂದೆ ಚಿಕ್ಕವಳ ಜೊತೆ. ಊಟದ ಹೊತ್ತಿಗೆ ಎಲ್ಲರೂ ಸೇರುವುದು. ಮಧ್ಯಾಹ್ನ ಕೋಣೆಗೆ ಹೋಗಿ ವಿಶ್ರಾಂತಿ. ಸಂಜೆ ಮೆರವಣಿಗೆಯಿಂದ ರಾತ್ರಿಯವರೆಗೆ ಎಲ್ಲರೂ ಒಟ್ಟಿಗೆ. ಊಟಕ್ಕೆ ಸೇರಿದಾಗ ಇಬ್ಬರೂ ಒಬ್ಬರ ಮಾತನ್ನೊಬ್ಬರು ತಡೆದು ತಾವು ಕಂಡದ್ದನ್ನು ಹೇಳತೊಡಗಿದರು. ಇಡೀ ದಿನ ಅಂಟಿಕೊಂಡೇ ಇದ್ದ ಮೊದಲ ಪ್ರವಾಸದಲ್ಲಿ ಅವರಿಗೆ ಪರಸ್ಪರ ಹೇಳಿಕೊಳ್ಳಲು ಏನೂ ಇರಲಿಲ್ಲ.

ಇನ್ನೊಂದು ವಿಷಯ, ಮಕ್ಕಳ ಎತ್ತರ. ನಾವು ಹೋಗಿದ್ದ ಒಂದು ಕಡೆ, ಒಂದು ಗಂಟೆಗೂ ಹೆಚ್ಚು ಸಾಲಿನಲ್ಲಿ ನಿಂತು ಬಾಗಿಲ ಬಳಿ ತಲುಪಿದ ಮೇಲೆ ನನ್ನ ಮಗಳ ತಲೆ ಅಳತೆ ಕೋಲಿನ ಗೆರೆಗೆ ಒಂದು ಬೆರಳಷ್ಟು ಕಡಿಮೆ ಎಂದು ಹಿಂದೆ ಕಳುಹಿಸಿದರು. ಸಾಲಿನ ಆರಂಭದಲ್ಲಿದ್ದ ಅಳತೆಯ ಫಲಕವನ್ನು ನಾನು ಗಮನಿಸಿಯೇ ಇರಲಿಲ್ಲ. ಆಕೆಯ ಮುಖ ನನಗೆ ಇನ್ನೂ ನೆನಪಿದೆ. ಅದಕ್ಕೇ ಹೇಳುತ್ತೇನೆ, ಟಿಕೆಟ್ ಕೊಳ್ಳುವ ಮೊದಲೇ ಮೂವರನ್ನೂ ಗೋಡೆಗೆ ನಿಲ್ಲಿಸಿ ಅಳೆಯಿರಿ, ಪಾರ್ಕಿನ ಜಾಲತಾಣದಲ್ಲಿ ಪ್ರತಿ ಆಟದ ಎದುರು ಕೊಟ್ಟಿರುವ ಎತ್ತರದೊಂದಿಗೆ ಹೋಲಿಸಿ, ಅದು ಆದ ಮೇಲೆಯೇ ಮಕ್ಕಳ ಮುಂದೆ ಆ ಆಟಗಳ ಹೆಸರನ್ನು ಎತ್ತಿ.

ಪಾರ್ಕೊಂದರ ರೈಡ್ ವಿಭಾಗದಲ್ಲಿ ಕೆಲಸ ಮಾಡಿದವನು

ಮೇಡಂ ಹೇಳಿದ್ದು ನೂರಕ್ಕೆ ನೂರು ಸರಿ. ಅಳತೆ ಕೋಲಿನ ಪಕ್ಕದಲ್ಲಿ ನಾಲ್ಕು ವರ್ಷ ನಿಂತವನಾದ ಕಾರಣ ಆ ಗೆರೆಯ ಹಿಂದೆ ಏನಿದೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಎತ್ತರದ ಮಿತಿಯನ್ನು ಇಡುವುದು ಮಗುವಿನ ಧೈರ್ಯವನ್ನು ಅಳೆಯಲಿಕ್ಕಲ್ಲ. ತೊಡೆಯ ಮೇಲೆ ಬರುವ ಕಬ್ಬಿಣದ ಪಟ್ಟಿಯಾಗಲಿ, ಭುಜದ ಮೇಲೆ ಇಳಿಯುವ ಕವಚವಾಗಲಿ ಒಂದು ನಿಶ್ಚಿತ ಗಾತ್ರದ ದೇಹವನ್ನು ಲೆಕ್ಕಕ್ಕೆ ತೆಗೆದುಕೊಂಡು ರಚನೆಯಾಗಿರುತ್ತದೆ. ಅದಕ್ಕಿಂತ ಚಿಕ್ಕ ದೇಹವಾದರೆ, ಬಂಡಿ ಇಳಿಜಾರಿನಲ್ಲಿ ಧುಮುಕುವ ಕ್ಷಣದಲ್ಲಿ ಸೀಟಿನಿಂದ ಮೇಲೇಳುವ ದೇಹವನ್ನು ಆ ಪಟ್ಟಿ ಸರಿಯಾದ ಜಾಗದಲ್ಲಿ ಹಿಡಿಯುವುದಿಲ್ಲ. ಆದ್ದರಿಂದ ಬೇಡಿಕೊಂಡರೂ, ಜಗಳವಾಡಿದರೂ, ದಪ್ಪ ಅಟ್ಟೆಯ ಬೂಟು ತೊಡಿಸಿದರೂ ಸಿಬ್ಬಂದಿ ಬಿಡಬಾರದು. ಕೆಲವು ತಂದೆತಾಯಿಯರು ಬೂಟಿನೊಳಗೆ ಕಾಗದ ಮಡಚಿಟ್ಟು ತರುತ್ತಿದ್ದರು. ತಮ್ಮ ಮಗುವನ್ನೇ ಅಪಾಯಕ್ಕೆ ಒಡ್ಡುತ್ತಿದ್ದೇವೆ ಎಂದು ಅವರಿಗೆ ತೋಚುತ್ತಿರಲಿಲ್ಲ.

ಅಂಕಿಗಳ ಅಂದಾಜು ಸಿಗಲೆಂದು ಫ್ಲಾರಿಡಾದ ವಾಲ್ಟ್ ಡಿಸ್ನಿ ವರ್ಲ್ಡ್‌ನ ಮ್ಯಾಜಿಕ್ ಕಿಂಗ್‌ಡಮ್ ಪಾರ್ಕನ್ನೇ ತೆಗೆದುಕೊಳ್ಳೋಣ. ಅಲ್ಲಿ ಸೆವೆನ್ ಡ್ವಾರ್ಫ್ಸ್ ಮೈನ್ ಟ್ರೇನ್‌ಗೆ 97 ಸೆಂ.ಮೀ., ಸ್ಪೇಸ್ ಮೌಂಟನ್‌ಗೆ 112 ಸೆಂ.ಮೀ., ಟ್ರಾನ್ ಕೋಸ್ಟರ್‌ಗೆ 122 ಸೆಂ.ಮೀ. ಎತ್ತರ ಬೇಕು. ಹತ್ತಿರದ ಯೂನಿವರ್ಸಲ್ ಪಾರ್ಕಿನ ವೆಲೋಸಿಕೋಸ್ಟರ್‌ಗೆ 130 ಸೆಂ.ಮೀ. ನಿಮ್ಮ ಆರು ವರ್ಷದ ಮಗ ಇವುಗಳ ಸರಿಸುಮಾರು ನಡುವೆ ಎಲ್ಲೋ ಇರುತ್ತಾನೆ. ಅಂದರೆ ಕೆಲವಕ್ಕೆ ಸಲ್ಲುತ್ತಾನೆ, ಕೆಲವಕ್ಕೆ ಸಲ್ಲುವುದಿಲ್ಲ. ಮೂವರಲ್ಲಿ ಹೆಚ್ಚು ನಿರಾಶೆಯಾಗುವ ಸಾಧ್ಯತೆ ಇರುವುದು ಅವನಿಗೇ.

ನಿಮ್ಮ ಲೆಕ್ಕದಲ್ಲಿ ಒಂದು ದೊಡ್ಡ ತೊಡಕಿದೆ. ಅಮೆರಿಕದ ಡಿಸ್ನಿ ಪಾರ್ಕ್‌ಗಳಲ್ಲಿ 7 ವರ್ಷ ತುಂಬದ ಮಗು ಯಾವುದೇ ರೈಡ್ ಹತ್ತಬೇಕಾದರೆ ಜೊತೆಗೆ 14 ವರ್ಷ ಅಥವಾ ಅದಕ್ಕಿಂತ ದೊಡ್ಡವರೊಬ್ಬರು ಇರಬೇಕು. ನಿಮ್ಮ ಮಗಳಿಗೆ 13. ಆಕೆ ತಾನೊಬ್ಬಳೇ ಹತ್ತಬಹುದು, ತಮ್ಮನನ್ನು ಮಾತ್ರ ಹತ್ತಿಸಿಕೊಳ್ಳುವಂತಿಲ್ಲ. ಬೇರೆ ಪಾರ್ಕ್‌ಗಳಲ್ಲಿ ವಯಸ್ಸಿನ ಗಡಿ ಬೇರೆಯಿರಬಹುದು, ಇಂಥದ್ದೊಂದು ನಿಯಮ ಇದೆಯೇ ಎಂದು ನೀವು ಆರಿಸಿಕೊಂಡ ಕಡೆ ಕೇಳಿ ತಿಳಿದುಕೊಳ್ಳಿ.

ನಿಮಗೆ ಬಹಳ ಉಪಯೋಗವಾಗುವ ಇನ್ನೊಂದು ವ್ಯವಸ್ಥೆಯೂ ಇದೆ. ಡಿಸ್ನಿಯವರು ಅದನ್ನು ರೈಡರ್ ಸ್ವಿಚ್ ಎನ್ನುತ್ತಾರೆ, ಯೂನಿವರ್ಸಲ್‌ನವರು ಚೈಲ್ಡ್ ಸ್ವಾಪ್ ಎನ್ನುತ್ತಾರೆ. ಚಿಕ್ಕ ಮಗುವಿನೊಂದಿಗೆ ತಾಯಿ ಹೊರಗಿರುವಾಗ ತಂದೆ ದೊಡ್ಡ ಮಗುವಿನೊಂದಿಗೆ ಸಾಲಿನಲ್ಲಿ ನಿಂತು ಆಡಿ ಬರುತ್ತಾರೆ. ಅನಂತರ ತಂದೆ ಚಿಕ್ಕ ಮಗುವನ್ನು ನೋಡಿಕೊಳ್ಳುತ್ತಾರೆ, ತಾಯಿ ಇಡೀ ಸಾಲನ್ನು ಮತ್ತೆ ನಿಲ್ಲದೆ ಒಳಗೆ ಹೋಗುತ್ತಾರೆ. ಸಾಲು ಸೇರುವ ಮೊದಲೇ ಬಾಗಿಲಲ್ಲಿರುವ ಸಿಬ್ಬಂದಿಗೆ ಇದನ್ನು ತಿಳಿಸಬೇಕು. ಆಟ ಮುಗಿಸಿ ಬಂದ ಮೇಲೆ ಕೇಳಿದರೆ ಪ್ರಯೋಜನವಿಲ್ಲ. ತಾಯಿಯ ಜೊತೆ ದೊಡ್ಡ ಮಗು ಎರಡನೆಯ ಸಲವೂ ಹೋಗಬಹುದೇ ಎಂಬುದನ್ನೂ ಆಗಲೇ ಕೇಳಿಕೊಳ್ಳಿ. ಅನುಮತಿ ಸಿಕ್ಕರೆ ನಿಮ್ಮ ಹಿರಿಯಳಿಗೆ ಅದೇ ದೊಡ್ಡ ಸಂಭ್ರಮ.

ಒಟ್ಟಿಗಿರುವುದನ್ನೇ ಬಯಸುವ ತಂದೆ

ಮೇಲಿನ ಇಬ್ಬರ ಅನುಭವವನ್ನೂ ಗೌರವಿಸುತ್ತೇನೆ, ಆದರೂ ಒಂದು ಆಕ್ಷೇಪವಿದೆ. ವರ್ಷವಿಡೀ ಕೆಲಸ, ಶಾಲೆ ಎಂದು ನಾವು ಬೇರೆ ಬೇರೆಯೇ ಇರುತ್ತೇವೆ. ರಜೆಯಲ್ಲೂ ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಹೋಗುವುದಾದರೆ ಅಷ್ಟು ದೂರ ಪ್ರಯಾಣ ಮಾಡುವ ಅಗತ್ಯವಾದರೂ ಏನು? ನಮ್ಮ ಮನೆಯಲ್ಲಿ ದೊಡ್ಡವರು ಚಿಕ್ಕವರಿಗಾಗಿ ಸ್ವಲ್ಪ ಕಾಯುವುದನ್ನು ಕಲಿಯಬೇಕೆಂದು ಬಯಸುತ್ತೇವೆ, ಥೀಮ್ ಪಾರ್ಕಿನಲ್ಲೂ ಹಾಗೆಯೇ ನಡೆದುಕೊಂಡೆವು. ನನ್ನ ಮಕ್ಕಳಿಗೆ 9 ಮತ್ತು 6 ವರ್ಷ. ಇಡೀ ದಿನ ಒಟ್ಟಿಗೇ ಇದ್ದೆವು, ಯಾರೂ ಬೇಸರಪಟ್ಟುಕೊಳ್ಳಲಿಲ್ಲ.

ಮೂರು ಬಾರಿ ಹೋಗಿ ಬಂದ ತಾಯಿ

ಸರ್, ನಿಮ್ಮ ಮಕ್ಕಳ ನಡುವೆ ಇರುವುದು ಮೂರು ವರ್ಷದ ಅಂತರ. ಇಬ್ಬರೂ ಏರಬಹುದಾದ ಆಟಗಳು ಸಾಕಷ್ಟಿರುತ್ತವೆ. ಪ್ರಶ್ನೆ ಕೇಳಿದವರ ಹಿರಿಯಳಿಗೂ ಕಿರಿಯಳಿಗೂ ಹತ್ತು ವರ್ಷಕ್ಕೂ ಹೆಚ್ಚಿನ ಅಂತರವಿದೆ. ಇಬ್ಬರಿಗೂ ಸಮನಾಗಿ ಹಿಡಿಸುವ ಆಟ ಕೈಬೆರಳಲ್ಲಿ ಎಣಿಸುವಷ್ಟು. ಒಟ್ಟಿಗಿರುವುದು ಬೇಡವೆಂದು ನಾನು ಹೇಳುತ್ತಿಲ್ಲ. ಒಟ್ಟಿಗಿರುವ ಹೊತ್ತಿನಲ್ಲಿ ಯಾರೊಬ್ಬರೂ ಸಹಿಸಿಕೊಂಡು ನಿಂತಿರಬಾರದು ಎಂಬುದಷ್ಟೇ ನನ್ನ ಮಾತು.

ಹಿರಿಯ ಮಗಳಾಗಿ ಬೆಳೆದವಳು

ಈ ಚರ್ಚೆಯಲ್ಲಿ ಎಲ್ಲರೂ ತಂದೆತಾಯಿಯರಾಗಿ ಮಾತನಾಡುತ್ತಿದ್ದೀರಿ. ನಾನು ಆ ಹದಿಮೂರು ವರ್ಷದ ಹುಡುಗಿಯ ಜಾಗದಿಂದ ಬರೆಯುತ್ತೇನೆ, ಏಕೆಂದರೆ ಕೆಲವು ವರ್ಷಗಳ ಹಿಂದೆ ನಾನು ಅಲ್ಲಿಯೇ ನಿಂತಿದ್ದೆ.

ನಮ್ಮ ಪ್ರವಾಸದಲ್ಲಿ ಚೀಲ ಹಿಡಿದುಕೊಳ್ಳುವುದು, ತಳ್ಳುಗಾಡಿಯ ಪಕ್ಕ ನಿಲ್ಲುವುದು, ತಮ್ಮ ಅತ್ತರೆ ಸಮಾಧಾನಪಡಿಸುವುದು ನನ್ನ ಪಾಲಿಗೆ ಬಂದ ಕೆಲಸಗಳಾಗಿದ್ದವು. ಯಾರೂ ಕೆಟ್ಟ ಮನಸ್ಸಿನಿಂದ ಹಾಗೆ ಮಾಡಲಿಲ್ಲ, ನಾನು ಹೇಗೂ ದೊಡ್ಡವಳು, ಅರ್ಥ ಮಾಡಿಕೊಳ್ಳುತ್ತೇನೆ ಎಂದುಕೊಂಡರು. ನಾನು ತಿಂಗಳುಗಟ್ಟಲೆ ಚಿತ್ರ ನೋಡಿ ಕನಸು ಕಂಡಿದ್ದ ಕೋಸ್ಟರ್ ಒಂದನ್ನು ಕೊನೆಗೆ ಮಾಡೋಣ ಎಂದು ಮುಂದೂಡುತ್ತ ಬಂದರು. ಸಂಜೆ ಮಳೆ ಬಂದು ಅದನ್ನು ನಿಲ್ಲಿಸಿದರು. ನಾನು ಅಳಲಿಲ್ಲ, ಸುಮ್ಮನಾದೆ. ಸುಮ್ಮನಾದದ್ದನ್ನು ಎಲ್ಲರೂ ಒಪ್ಪಿಗೆ ಎಂದು ತಿಳಿದರು.

ಆದ್ದರಿಂದ ಅಂಕಲ್, ನಿಮ್ಮಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಮಗಳಿಗೆ ಎಲ್ಲಕ್ಕಿಂತ ಮುಖ್ಯವಾದ ಒಂದು ಆಟ ಯಾವುದೆಂದು ಕೇಳಿ, ಅದನ್ನು ಮೊದಲ ದಿನ ಬೆಳಗ್ಗೆ ಬಾಗಿಲು ತೆರೆದ ತಕ್ಷಣ ಮಾಡಿಸಿ. ಆ ಒಂದು ಗಂಟೆಯಲ್ಲಿ ದೊಡ್ಡ ಕೋಸ್ಟರ್‌ಗಳ ಸಾಲು ಸಾಮಾನ್ಯವಾಗಿ ಚಿಕ್ಕದಿರುತ್ತದೆ, ಗುಡುಗು ಮಳೆಯ ಭಯವೂ ಕಡಿಮೆ. ಅದು ಕೈಗೂಡಿದ ಮೇಲೆ ಅವಳೇ ತಾನಾಗಿ ತಂಗಿಯನ್ನು ಎತ್ತಿಕೊಂಡು ಓಡಾಡುತ್ತಾಳೆ.

ಹಲವು ದೇಶಗಳ ಪಾರ್ಕ್‌ಗಳನ್ನು ನೋಡಿದವರು

ಯಾವ ಪಾರ್ಕ್ ಎಂಬ ಪ್ರಶ್ನೆ ಇನ್ನೂ ತೆರೆದಿರುವುದರಿಂದ ಕೆಲವು ಮಾತು.

ಇಂಥ ಕುಟುಂಬಕ್ಕೆ ಪಾರ್ಕ್ ಎಷ್ಟು ದೊಡ್ಡದು ಎಂಬುದಕ್ಕಿಂತ ಒಂದು ಜಾಗದಿಂದ ಇನ್ನೊಂದಕ್ಕೆ, ಪಾರ್ಕಿನಿಂದ ಹಾಸಿಗೆಗೆ ಎಷ್ಟು ದೂರ ಎಂಬುದೇ ಮುಖ್ಯ. 1971ರಲ್ಲಿ ಆರಂಭವಾದ ವಾಲ್ಟ್ ಡಿಸ್ನಿ ವರ್ಲ್ಡ್‌ನಲ್ಲಿ ಈಗ ನಾಲ್ಕು ಥೀಮ್ ಪಾರ್ಕ್‌ಗಳಿವೆ: ಮ್ಯಾಜಿಕ್ ಕಿಂಗ್‌ಡಮ್, 1982ರ ಎಪ್ಕಾಟ್, 1989ರಲ್ಲಿ ತೆರೆದ ಇಂದಿನ ಹಾಲಿವುಡ್ ಸ್ಟುಡಿಯೋಸ್, 1998ರ ಆನಿಮಲ್ ಕಿಂಗ್‌ಡಮ್. ಒಂದರಿಂದ ಇನ್ನೊಂದಕ್ಕೆ ಹೋಗಲು ಹೆಚ್ಚಿನ ವೇಳೆ ಬಸ್ಸು, ಮಾನೋರೈಲು ಅಥವಾ ಬೇರೊಂದು ವಾಹನ ಬೇಕು. ಸ್ವಂತ ಕಾರಿನಲ್ಲಿ ಹೋದರೂ ಮ್ಯಾಜಿಕ್ ಕಿಂಗ್‌ಡಮ್‌ನ ವಾಹನ ನಿಲ್ದಾಣದಿಂದ ಬಾಗಿಲು ತಲುಪಲು ಮಾನೋರೈಲನ್ನೋ ದೋಣಿಯನ್ನೋ ಹಿಡಿಯಬೇಕು. ಮಧ್ಯಾಹ್ನ ನಿದ್ದೆಗಣ್ಣಿನ ಮಗುವನ್ನು ಹೊತ್ತು ಇಷ್ಟೆಲ್ಲ ದಾಟುವುದು ಸುಲಭವಲ್ಲ. ಇದಕ್ಕೆ ಹೋಲಿಸಿದರೆ, ಕ್ಯಾಲಿಫೋರ್ನಿಯಾದ ಆನಹೈಮ್‌ನಲ್ಲಿ 1955ರ ಜುಲೈ 17ರಂದು ತೆರೆದ ಮೊದಲ ಡಿಸ್ನಿಲ್ಯಾಂಡ್ ಮತ್ತು 2001ರಲ್ಲಿ ಅದರ ಪಕ್ಕ ಬಂದ ಕ್ಯಾಲಿಫೋರ್ನಿಯಾ ಅಡ್ವೆಂಚರ್ ಪಾರ್ಕ್‌ಗಳ ಬಾಗಿಲುಗಳು ಎದುರುಬದುರಾಗಿವೆ. ಹಿರಿಯಳು ಒಂದರಲ್ಲಿದ್ದು ಕಿರಿಯಳು ಇನ್ನೊಂದರಲ್ಲಿದ್ದರೂ, ಎರಡಕ್ಕೂ ಹೋಗಬಹುದಾದ ಟಿಕೆಟ್ ಇದ್ದರೆ, ನಡೆದೇ ಬಂದು ಸೇರಬಹುದು. 2005ರಲ್ಲಿ ತೆರೆದ ಹಾಂಕಾಂಗ್ ಡಿಸ್ನಿಲ್ಯಾಂಡ್‌ನಲ್ಲಿರುವುದು ಒಂದೇ ಪಾರ್ಕ್, ಚಿಕ್ಕ ಮಕ್ಕಳ ಕಾಲಿಗೆ ಅದು ಹಿತ.

ಲೆಗೋಲ್ಯಾಂಡ್‌ಗಳ ಬಗ್ಗೆಯೂ ನೀವು ಯೋಚಿಸುತ್ತಿರಬಹುದು. ಮೊದಲನೆಯದು 1968ರಲ್ಲಿ ಡೆನ್ಮಾರ್ಕಿನ ಬಿಲ್ಲುಂಡ್‌ನಲ್ಲಿ ಆರಂಭವಾಯಿತು. ಅವುಗಳನ್ನು ಮುಖ್ಯವಾಗಿ 2ರಿಂದ 12 ವರ್ಷದ ಮಕ್ಕಳಿರುವ ಕುಟುಂಬಗಳಿಗಾಗಿಯೇ ರೂಪಿಸಿದ್ದಾರೆ. ನಿಮ್ಮ ಚಿಕ್ಕವರಿಬ್ಬರಿಗೆ ಅದು ಸ್ವರ್ಗ, ಹಿರಿಯಳಿಗೆ ಅರ್ಧ ದಿನದಲ್ಲಿ ಮುಗಿಯುತ್ತದೆ. ನೆದರ್ಲೆಂಡ್ಸ್‌ನ ಎಫ್ಟೆಲಿಂಗ್ ನನಗೆ ವೈಯಕ್ತಿಕವಾಗಿ ತುಂಬ ಇಷ್ಟ. 1952ರಲ್ಲಿ ಕಾಲ್ಪನಿಕ ಕಥೆಗಳ ಕಾಡಾಗಿ ಆರಂಭವಾದ ಆ ಪಾರ್ಕಿನಲ್ಲಿ, ಮರಗಳ ನಡುವೆ ನಡೆಯುತ್ತ ಒಂದೊಂದು ಕಥೆಯನ್ನು ನೋಡುವುದಕ್ಕೆ ಯಾವ ಎತ್ತರವೂ ಬೇಕಿಲ್ಲ. ದೊಡ್ಡವರಿಗೆ ದೊಡ್ಡ ಕೋಸ್ಟರ್‌ಗಳೂ ಇವೆ.

ದಿನಾಂಕ ನಿಶ್ಚಯಿಸುವಾಗ ಕಿರಿಯಳ ಹುಟ್ಟುಹಬ್ಬವನ್ನು ಗಮನದಲ್ಲಿಡಿ. ಅಮೆರಿಕದ ಡಿಸ್ನಿ ಪಾರ್ಕ್‌ಗಳಲ್ಲಿ 3 ವರ್ಷ ತುಂಬದ ಮಗುವಿಗೆ ಟಿಕೆಟ್ ಬೇಡ, 3ರಿಂದ 9ರವರೆಗೆ ಮಕ್ಕಳ ಟಿಕೆಟ್, 10 ತುಂಬಿದರೆ ದೊಡ್ಡವರದೇ. ಟೋಕಿಯೋದಲ್ಲಿ ಮಕ್ಕಳ ಟಿಕೆಟ್ ಆರಂಭವಾಗುವುದು 4ರಿಂದ. ಹಾಗೆಂದು ಟಿಕೆಟ್ ಉಳಿಸಲು ಜನಜಂಗುಳಿಯ ವಾರಕ್ಕೆ ಹೋಗಬೇಡಿ. ಶಾಲೆಗಳಿಗೆಲ್ಲ ಒಟ್ಟಿಗೆ ರಜೆಯಿರುವ ದಿನಗಳಲ್ಲೂ ವಾರಾಂತ್ಯಗಳಲ್ಲೂ ಸಾಲುಗಳು ಉದ್ದವಾಗುತ್ತವೆ. ರಜೆಯ ಮೊದಲ ಅಥವಾ ಕೊನೆಯ ವಾರದ ನಡುವಿನ ದಿನಗಳು ಸಿಕ್ಕರೆ ಅದೇ ಒಳ್ಳೆಯದು.

ಮೊಮ್ಮಕ್ಕಳೊಂದಿಗೆ ಹೋಗಿದ್ದ ಅಜ್ಜಿ

ನಿಮ್ಮ ತಾಯಿಯವರೂ ಬರುತ್ತಿದ್ದಾರೆಂದು ಓದಿ ಸಂತೋಷವಾಯಿತು, ಅದಕ್ಕೇ ಬರೆಯುತ್ತಿದ್ದೇನೆ. ಅಜ್ಜಿ ಬರುತ್ತಾರೆಂದರೆ ಮಗುವನ್ನು ನೋಡಿಕೊಳ್ಳಲು ಒಬ್ಬರಾದರು ಎಂದು ಲೆಕ್ಕ ಹಾಕುವುದು ಸಹಜ, ನಾನೂ ಸಂತೋಷದಿಂದಲೇ ಒಪ್ಪಿಕೊಂಡಿದ್ದೆ. ಆದರೆ ಬೆಳಗಿನಿಂದ ನಡೆದು ಕಾಲು ಊದಿದ ಮೇಲೆ ಮಧ್ಯಾಹ್ನ ಮಗುವಿಗೆಷ್ಟು ನಿದ್ದೆ ಬೇಕೋ ಅಷ್ಟೇ ನಮಗೂ ಬೇಕಾಗುತ್ತದೆ. ಅದನ್ನು ಬಾಯಿಬಿಟ್ಟು ಹೇಳಲು ನಮಗೆ ಸಂಕೋಚ. ನೀವೇ ಮೊದಲು ಕೇಳಿ.

ಉಳಿದುಕೊಳ್ಳುವ ಜಾಗ ಹತ್ತಿರವಿದ್ದರೆ ನಡು ಮಧ್ಯಾಹ್ನ ಮೂರು ಗಂಟೆಗಳ ಕಾಲ ನಾನೂ ಚಿಕ್ಕ ಮೊಮ್ಮಗನೂ ಕೋಣೆಗೆ ಹೋಗುತ್ತಿದ್ದೆವು. ಹೋಗಲಾಗದ ದಿನ ನೆರಳಿನಲ್ಲಿ, ಸದ್ದು ಕಡಿಮೆಯಿರುವ ಮೂಲೆಯಲ್ಲಿ ತಳ್ಳುಗಾಡಿಯನ್ನು ಒರಗಿಸಿ, ಮೇಲೆ ತೆಳುವಾದ ಬಟ್ಟೆಯನ್ನು ಗಾಳಿಯಾಡುವಂತೆ ಹರಡಿ ಮಲಗಿಸುತ್ತಿದ್ದೆ. ಬಟ್ಟೆಯಿಂದ ಪೂರ್ತಿ ಮುಚ್ಚಿಬಿಟ್ಟರೆ ಒಳಗೆ ಬಿಸಿಯೇರುತ್ತದೆ, ಆ ಬಗ್ಗೆ ಎಚ್ಚರ ಬೇಕು. ಮನೆಯಲ್ಲಿ ತಳ್ಳುಗಾಡಿ ಬಿಟ್ಟು ವರ್ಷವಾಗಿದ್ದ ಮಕ್ಕಳಿಗೂ ಅಲ್ಲಿ ಅದು ಬೇಕಾಗುತ್ತದೆ. ನಿಮ್ಮ ಆರು ವರ್ಷದವನಿಗೂ ಸಂಜೆಗೆ ಕಾಲು ಸೋತರೆ ಆಶ್ಚರ್ಯಪಡಬೇಡಿ. ಅಮೆರಿಕದ ಡಿಸ್ನಿ ಪಾರ್ಕ್‌ಗಳಲ್ಲಿ 79 ಸೆಂ.ಮೀ. ಅಗಲ, 132 ಸೆಂ.ಮೀ. ಉದ್ದಕ್ಕಿಂತ ದೊಡ್ಡ ತಳ್ಳುಗಾಡಿಯನ್ನು ಬಿಡುವುದಿಲ್ಲ, ಎಳೆದುಕೊಂಡು ಹೋಗುವ ವ್ಯಾಗನ್‌ಗಳಿಗೂ ಅಲ್ಲಿ ಅವಕಾಶವಿಲ್ಲ ಎಂದು ನನ್ನ ಸೊಸೆ ಮೊದಲೇ ನೋಡಿಕೊಂಡಿದ್ದಳು.

ಅಲ್ಲಿ ಶಿಶುಗಳ ಆರೈಕೆಗೆಂದೇ ಒಂದು ಕೇಂದ್ರವಿರುತ್ತದೆ. ಡೈಪರ್ ಬದಲಿಸಲು, ಮಗುವಿಗೆ ನೆಮ್ಮದಿಯಿಂದ ಉಣಿಸಲು ಅದರಷ್ಟು ಅನುಕೂಲದ ಜಾಗ ಬೇರಿಲ್ಲ. ನಕ್ಷೆಯಲ್ಲಿ ಮೊದಲು ಅದನ್ನು ಗುರುತು ಮಾಡಿ, ಕೋಸ್ಟರ್‌ಗಳನ್ನು ಆಮೇಲೆ.

ಪ್ರಶ್ನೆ ಕೇಳಿದ ತಂದೆ

ಇಷ್ಟು ಕಾಳಜಿಯಿಂದ ಬರೆದ ಎಲ್ಲರಿಗೂ ನಾನು ಋಣಿ. ನಿನ್ನೆ ರಾತ್ರಿ ಮೂವರನ್ನೂ ಗೋಡೆಗೆ ನಿಲ್ಲಿಸಿ ಅಳೆದೆ. ಹಿರಿಯಳು 154, ನಡುವಿನವನು 114, ಕಿರಿಯಳು 90 ಸೆಂ.ಮೀ. ಹಿರಿಯಳನ್ನು ಪ್ರತ್ಯೇಕವಾಗಿ ಕೂರಿಸಿಕೊಂಡು ಆಕೆಗೆ ಯಾವುದು ಮುಖ್ಯ ಎಂದು ಕೇಳಿದೆ. ಆಕೆ ಒಂದರ ಬದಲು ಎರಡು ಆಟಗಳ ಹೆಸರು ಹೇಳಿದಳು, ಆಮೇಲೆ ತುಸು ತಡೆದು, ಒಂದು ಬೆಳಗ್ಗೆ ಅಪ್ಪ ಮಾತ್ರ ತನ್ನ ಜೊತೆ ಇರಬೇಕು ಎಂದಳು. ಈ ಮಾತನ್ನು ನಾನು ನಿರೀಕ್ಷಿಸಿರಲಿಲ್ಲ.

ಎರಡು ಪಾರ್ಕ್‌ಗಳು ಎದುರುಬದುರಾಗಿರುವ ಜಾಗವನ್ನೇ ಆರಿಸಿಕೊಳ್ಳುವುದೆಂದು ಮನೆಯಲ್ಲಿ ಒಪ್ಪಿಕೊಂಡಿದ್ದೇವೆ. ಮೂರು ದಿನ ಇರುತ್ತೇವೆ. ಇನ್ನು ಎರಡು ವಿಷಯಗಳು ನನ್ನನ್ನು ಕಾಡುತ್ತಿವೆ. ನಡುವಿನವನ ಕತ್ತಲೆಯ ಭಯಕ್ಕೆ ಏನು ಮಾಡಬೇಕು? ಜನಸಂದಣಿಯಲ್ಲಿ ಯಾರಾದರೂ ತಪ್ಪಿಸಿಕೊಂಡರೆ ಏನು ಗತಿ?

ಪಾರ್ಕೊಂದರ ರೈಡ್ ವಿಭಾಗದಲ್ಲಿ ಕೆಲಸ ಮಾಡಿದವನು

ಎತ್ತರದ ಮಿತಿ ಇಲ್ಲದ ಆಟ ಮೃದುವಾಗಿಯೇ ಇರುತ್ತದೆ ಎಂಬುದು ಬಹಳ ಜನರ ತಪ್ಪು ತಿಳಿವಳಿಕೆ. ನೀವು ಆರಿಸಿಕೊಂಡ ಡಿಸ್ನಿಲ್ಯಾಂಡ್‌ನಲ್ಲೇ ಇದಕ್ಕೊಂದು ಉದಾಹರಣೆಯಿದೆ. 1955ರಿಂದಲೂ ಇರುವ ಸ್ನೋ ವೈಟ್ ರೈಡ್‌ಗೆ ಎತ್ತರದ ಮಿತಿಯಿಲ್ಲ, ಬಂಡಿ ನಿಧಾನವಾಗಿಯೇ ಸಾಗುತ್ತದೆ. ಆದರೂ ಕತ್ತಲಲ್ಲಿ ಎದುರಾಗುವ ಮಾಟಗಾತಿಯನ್ನು ಕಂಡು ಮಕ್ಕಳು ಹೆದರುತ್ತಿದ್ದರು. 1983ರಲ್ಲಿ ಅದರ ಹೆಸರಿನಲ್ಲೇ ‘ಸ್ಕೇರಿ’ (ಹೆದರಿಸುವಂಥ) ಎಂಬ ಪದ ಸೇರಿತು, 2021ರಲ್ಲಿ ಹೆಸರನ್ನೂ ಕೆಲವು ದೃಶ್ಯಗಳನ್ನೂ ಹಿತವಾಗುವಂತೆ ಬದಲಿಸಿದರು. ಆದ್ದರಿಂದ ಅಳತೆಯ ಪಟ್ಟಿಯ ಪಕ್ಕದಲ್ಲಿ ಇನ್ನೊಂದು ಪಟ್ಟಿ ಮಾಡಿ: ಕತ್ತಲೆ ಎಲ್ಲಿದೆ, ದೊಡ್ಡ ಸದ್ದು ಎಲ್ಲಿದೆ, ಹಠಾತ್ತನೆ ಇಳಿಯುವುದು ಎಲ್ಲಿದೆ. ಹೆಚ್ಚಿನ ಆಟಗಳ ವಿಡಿಯೋ ಸಿಗುತ್ತದೆ. ಅವನನ್ನು ತೊಡೆಯ ಮೇಲೆ ಕೂರಿಸಿಕೊಂಡು ಹಗಲಿನಲ್ಲಿ ಒಟ್ಟಿಗೆ ನೋಡಿ, ಹೋಗುವುದೋ ಬೇಡವೋ ಎಂಬುದನ್ನು ಅವನಿಗೇ ಬಿಡಿ. ಸಾಲಿನ ಕೊನೆಯವರೆಗೆ ಬಂದು ಬೇಡವೆಂದರೂ ಬಲವಂತ ಮಾಡಬೇಡಿ. ಪಕ್ಕದ ಬಾಗಿಲಿನಿಂದ ಹೊರಗೆ ಕಳುಹಿಸಲು ಸಿಬ್ಬಂದಿಗೆ ಅಭ್ಯಾಸವಿದೆ, ದಿನಕ್ಕೆ ಹತ್ತಾರು ಮಕ್ಕಳನ್ನು ನಾನೇ ಹಾಗೆ ಕಳುಹಿಸಿದ್ದೇನೆ.

ನಾನು ಮೊದಲು ಹೇಳಿದ ಫ್ಲಾರಿಡಾದ ಅಂಕಿಗಳ ಪ್ರಕಾರ, 114 ಸೆಂ.ಮೀ. ಎಂದರೆ 112ರ ಗೆರೆಗೆ ಅವನು ಸಲ್ಲುತ್ತಾನೆ, 122ಕ್ಕೆ ಇಲ್ಲ. ಕಿರಿಯಳಿಗೆ 90, ಹಾಗಾಗಿ 97ರ ಗೆರೆ ಇನ್ನೂ ದೂರ. ಅಣ್ಣ ಅಕ್ಕ ಹೋಗುವ ಆಟಗಳ ಹೆಸರನ್ನು ಆಕೆಯ ಮುಂದೆ ಹೆಚ್ಚು ಹೇಳದಿರುವುದು ಒಳ್ಳೆಯದು.

ಮೂರು ಬಾರಿ ಹೋಗಿ ಬಂದ ತಾಯಿ

ಎರಡನೆಯ ಪ್ರಶ್ನೆಗೆ ನಾವು ಮಾಡುವುದನ್ನು ಹೇಳುತ್ತೇನೆ. ಪ್ರತಿದಿನ ಬೆಳಗ್ಗೆ ಕೋಣೆಯಿಂದ ಹೊರಡುವ ಮೊದಲು ಮಕ್ಕಳ ಪೂರ್ತಿ ಚಿತ್ರವನ್ನು ಮೊಬೈಲಿನಲ್ಲಿ ತೆಗೆಯುತ್ತೇವೆ. ಗಾಬರಿಯಲ್ಲಿ ಮಗು ತೊಟ್ಟ ಅಂಗಿಯ ಬಣ್ಣವೂ ನೆನಪಿಗೆ ಬರುವುದಿಲ್ಲ, ಚಿತ್ರವಿದ್ದರೆ ತೋರಿಸಿದರಾಯಿತು. ಚಿಕ್ಕವರ ಮಣಿಕಟ್ಟಿಗೆ ನಮ್ಮ ದೂರವಾಣಿ ಸಂಖ್ಯೆ ಬರೆದ ಪಟ್ಟಿ ಕಟ್ಟುತ್ತೇವೆ. ಒಳಗೆ ಹೋದ ತಕ್ಷಣ ಸಿಬ್ಬಂದಿಯ ಹೆಸರಿನ ಬಿಲ್ಲೆಯನ್ನು ಮಕ್ಕಳಿಗೆ ತೋರಿಸಿ, ತಪ್ಪಿಸಿಕೊಂಡರೆ ಇಂಥ ಬಿಲ್ಲೆ ಹಾಕಿದವರ ಬಳಿ ಹೋಗಬೇಕು, ನಮ್ಮನ್ನು ಹುಡುಕುತ್ತ ಅಲೆಯಬಾರದು ಎಂದು ಹೇಳುತ್ತೇವೆ. ಹಿರಿಯಳಿಗೆ ಮೊಬೈಲ್ ಇದ್ದರೂ ಅದನ್ನೇ ನಂಬಬೇಡಿ, ಸಂಜೆಯ ಹೊತ್ತಿಗೆ ಬ್ಯಾಟರಿ ಖಾಲಿಯಾಗಿರುತ್ತದೆ. ಸೇರುವ ಜಾಗವನ್ನೂ ಹೊತ್ತನ್ನೂ ಮಾತಿನಲ್ಲೇ ನಿಶ್ಚಯಿಸಿಕೊಳ್ಳಿ. ಜಾಗ ಎಂದರೆ ಕೋಟೆಯ ಮುಂದೆ ಎಂದಲ್ಲ, ಅಲ್ಲಿ ಸಾವಿರ ಜನ ನಿಂತಿರುತ್ತಾರೆ. ಯಾವುದಾದರೂ ಒಂದು ಬೆಂಚು, ಒಂದು ದೀಪದ ಕಂಬ.

ರಾತ್ರಿಯ ಪಟಾಕಿ ಪ್ರದರ್ಶನಕ್ಕೆ ಕಿರಿಯಳ ಕಿವಿ ಮುಚ್ಚುವ ಸಾಧನವನ್ನು ತೆಗೆದುಕೊಂಡು ಹೋಗಿ, ಮನೆಯಲ್ಲೇ ನಾಲ್ಕು ದಿನ ಹಾಕಿ ರೂಢಿ ಮಾಡಿಸಿ. ಮೂರು ರಾತ್ರಿಯೂ ನೋಡಲೇಬೇಕೆಂದು ಹಠ ಬೇಡ, ಒಂದು ರಾತ್ರಿ ಸಾಕು.

ಒಟ್ಟಿಗಿರುವುದನ್ನೇ ಬಯಸುವ ತಂದೆ

ಹಿರಿಯ ಮಗಳಾಗಿ ಬೆಳೆದವರು ಬರೆದದ್ದನ್ನು ಎರಡು ಸಲ ಓದಿದೆ. ನನ್ನ 9 ವರ್ಷದವನೂ ಹೆಚ್ಚು ಮಾತನಾಡುವವನಲ್ಲ. ಬೇಸರಪಟ್ಟುಕೊಳ್ಳಲಿಲ್ಲ ಎಂದು ಬರೆದಿದ್ದೆ, ಆದರೆ ಅವನನ್ನು ನಾನು ಕೇಳಿರಲಿಲ್ಲ. ಇಂದು ಕೇಳಿದೆ. ಅವನಿಗೆ ಹೋಗಬೇಕೆಂದಿದ್ದ ಒಂದು ಆಟ ತಪ್ಪಿಹೋಗಿತ್ತಂತೆ.

ಪ್ರಶ್ನೆ ಕೇಳಿದ ತಂದೆ

ಈಗಿನ ಯೋಜನೆ ಹೀಗಿದೆ. ಮೊದಲ ದಿನ ಬೆಳಗ್ಗೆ ನಾನೂ ಹಿರಿಯಳೂ ಆಕೆಯ ಎರಡು ಆಟಗಳಿಗೆ ಹೋಗುತ್ತೇವೆ. ಪತ್ನಿಯೂ ತಾಯಿಯೂ ಚಿಕ್ಕವರಿಬ್ಬರನ್ನು ಕರೆದುಕೊಂಡು ನಿಧಾನವಾಗಿ, ನಿದ್ದೆ ಪೂರ್ತಿಯಾದ ಮೇಲೆ ಬರುತ್ತಾರೆ. ಮಧ್ಯಾಹ್ನ ತಾಯಿ ಮತ್ತು ಕಿರಿಯಳು ಕೋಣೆಗೆ. ಎರಡನೆಯ ದಿನದ ಬೆಳಗು ನಡುವಿನವನದು, ಅವನ ಪಟ್ಟಿಯನ್ನು ಅವನೇ ಚಿತ್ರ ಬರೆದು ಮಾಡುತ್ತಿದ್ದಾನೆ. ಆ ದಿನ ಅಳತೆ ಸಲ್ಲುವ ಆಟಗಳಿಗೆ ಪತ್ನಿ ಅವನ ಜೊತೆ ಹೋಗುತ್ತಾಳೆ. ಮೂರನೆಯ ದಿನಕ್ಕೆ ಏನೂ ಬರೆದಿಲ್ಲ. ಮತ್ತೆ ಬೇಕೆನಿಸಿದ್ದನ್ನು ಮಾಡುವುದಕ್ಕೆ ಹಾಗೆಯೇ ಬಿಟ್ಟಿದ್ದೇವೆ.

ತಾಯಿಯನ್ನೂ ಕೇಳಿದೆ. ಕುದುರೆಗಳ ತಿರುಗುಗಾಲಿಯಲ್ಲಿ ಒಮ್ಮೆ ಕುಳಿತುಕೊಳ್ಳಬೇಕು, ಮೊಮ್ಮಗಳನ್ನು ಕೂರಿಸಲಿಕ್ಕಲ್ಲ, ತಮಗಾಗಿ ಎಂದರು. ಅದನ್ನೂ ಮೊದಲ ದಿನದ ಸಂಜೆಗೆ ಬರೆದುಕೊಂಡಿದ್ದೇನೆ.